ಕಾಮಣ್ಣನ ಬೆಂಕಿಗೆ ಬಿದ್ದ ಹಡಗುಗಳು

ವಾರ್ನಿಶ್ ಬಳಿದ ಕಟ್ಟಿಗೆ ಸುಡುವ ವಾಸನೆ ಬಂದರೆ ಸಾಕು, ನನ್ನ ಕೈ ತಾನಾಗಿಯೇ ಎಡಹುಬ್ಬಿಗೆ ಹೋಗುತ್ತದೆ. ಅಲ್ಲಿ ನಾಲ್ಕು ಹೊಲಿಗೆಯ ಗುರುತಿದೆ. ಈ ಹೋಳಿಯಲ್ಲೂ ಯಾರೋ ಹಳೆಯ ಕಪಾಟಿನ ಬಾಗಿಲನ್ನು ಕಾಮಣ್ಣನ ಬೆಂಕಿಗೆ ಹಾಕಿದರು. ವಾಸನೆ ಬಂತು, ಕೈ ಹೋಯಿತು, ಸರ್ ನೆನಪಾದರು...

ಎಂಬತ್ತರ ದಶಕದ ಮೊದಲ ವರ್ಷಗಳವು. ಸರ್ ನವಲಗುಂದದಲ್ಲಿ ನಮ್ಮ ಬಾಜು ಮನೆಯಲ್ಲಿ ಒಬ್ಬರೇ ಇದ್ದರು, ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದರು. ಎಂಟು ವರ್ಷದಿಂದ ಪಿಎಚ್.ಡಿ.ಗೆ ಒಂದೇ ವಿಷಯ ಬರೆಯುತ್ತಿದ್ದರು: ಚೀನಾದ ನೌಕಾಬಲ ಮತ್ತು ನೆರೆದೇಶಗಳ ಕಡಲ ಭದ್ರತೆ. ಕುಡಿಯುವ ನೀರಿಗೇ ಕೆರೆಯ ಮುಂದೆ ಕೊಡಗಳು ಬಡಿದಾಡುತ್ತಿದ್ದ ಊರಿನಲ್ಲಿ ಕುಳಿತು! ಸರ್ ಸಮುದ್ರ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಆದರೆ ನಾನು ಅವರ ಕಟ್ಟೆಗೆ ಹೋಗುತ್ತಿದ್ದುದು ಸಮುದ್ರಕ್ಕಲ್ಲ, ಅವರ ದನಿ ಕದಿಯಲು.

ಕಟ್ಟೆಯ ಮೇಲೆ ಹರಳಿಟ್ಟರೆ ದ್ವೀಪ, ಕಡಲೆಕಾಳಿಟ್ಟರೆ ಹಡಗು. ಒಮ್ಮೆ ಕೆಮ್ಮಿ ಶುರು ಮಾಡುತ್ತಿದ್ದರು: "ಹಡಗ ದೊಡ್ಡದೈತಂತ ಅಂಜಬ್ಯಾಡಲೇ. ಉಬ್ಬರ ಬಂದರ ಮುಳುಗೂ ಕಲ್ಲಿನ ಮ್ಯಾಲೆ ಒಬ್ಬಾಂವ ಬಂದು ನಿಂದರತಾನ. ಯಾರೂ ಕೇಳೂದಿಲ್ಲ. ನಾಳೆ ಆ ಕಲ್ಲು ಅವಂದ ಆಕ್ಕೈತಿ. ಅಂಜೂದು ಅದಕ್ಕ."

ಇದನ್ನೆಲ್ಲ ಕೆಮ್ಮಿನ ಸಮೇತ ಹೋಟೆಲಿನಲ್ಲಿ ಮಾಡಿ ತೋರಿಸಿ ನಾನು ಚಹಾ ಗಿಟ್ಟಿಸುತ್ತಿದ್ದೆ.

ಹೋಳಿಗೆ ಮುಂಚೆ ಕಟ್ಟಿಗೆ, ಕುಳ್ಳು, ಕೈಗೆ ಸಿಕ್ಕಿದ್ದನ್ನು ಕದಿಯುವುದು ನಮ್ಮಲ್ಲಿ ರೂಢಿ. ಕಾಮಣ್ಣನ ರಾಶಿಗೆ ಬಿದ್ದದ್ದನ್ನು ಮಾಲೀಕ ಮರಳಿ ಕೇಳುವಂತಿಲ್ಲ. ಆ ಸಲ ಸರ್ ಧಾರವಾಡಕ್ಕೆ ಹೋಗಿದ್ದಾಗ ಅವರ ಪಡಸಾಲೆಯಿಂದ ವಾರ್ನಿಶ್ ಪೆಟ್ಟಿಗೆ ಎತ್ತಿದವರು ನಾನು, ನನ್ನ ಗೆಳೆಯ. ಭಾರವಿತ್ತು, ಕೀಲಿ ಹಾಕಿತ್ತು. ಹಳೆಯ ಪರೀಕ್ಷೆ ಪೇಪರಿರಬೇಕು ಎಂದುಕೊಂಡೆವು.

ಹೊತ್ತು ಮೂಡುವಾಗ ಬೆಂಕಿ ಹಚ್ಚಿದರು. ಹುಡುಗರು ಹಲಗಿ ವಾದ್ಯ ಬಡಿಯುತ್ತಿದ್ದರು. ನಾನು ಸರ್ ಅವರ ಸೋಗು ಹಾಕಿ, ಕೆಮ್ಮುತ್ತ ಚೀನಾದ ಹಡಗು ಓಡಿಸುತ್ತಿದ್ದೆ. ಆಗ ನಿಜವಾದ ಸರ್ ಮೊದಲ ಬಸ್ಸಿಳಿದು, ಖಾಲಿ ಪಡಸಾಲೆ ನೋಡಿ, ಓಡಿ ಬಂದರು.

"ನನ್ನ ಪೆಟಗಿ ಲೇ! ಇದ್ದದ್ದೊಂದ ಥೀಸಿಸ್ ಪ್ರತಿ ಅದರಾಗೈತಿ!"

"ರಾಶಿಗೆ ಬಿದ್ದದ್ದು ಕಾಮಣ್ಣಂದ್ರಿ ಸರ," ಎಂದೆ, ಅವರದೇ ದನಿಯಲ್ಲಿ. ಜನ ಬಿದ್ದು ಬಿದ್ದು ನಕ್ಕರು.

ಉರಿಯುವ ಕೊಳ್ಳಿ ಎಳೆದು ಅವರು ನನ್ನ ಮುಖಕ್ಕೆ ಬಾರಿಸಿದರು. ರಕ್ತ ಕಣ್ಣಿಗಿಳಿಯಿತು. ಗೆಳೆಯ ಬಡಿಗೆಯಿಂದ ಅವರ ಬೆನ್ನಿಗೆ ಹೊಡೆದ. ಮತ್ತೆ ನಾಲ್ವರು ಒದ್ದರು. ಒದೆ ತಿನ್ನುತ್ತಲೇ ಅವರು ಎರಡೂ ಕೈ ಬೆಂಕಿಗೆ ಹಾಕಿ ಪೆಟ್ಟಿಗೆ ಹಿಡಿದರು. ಮುಚ್ಚಳ ಮಾತ್ರ ಕಿತ್ತು ಬಂತು. ಕಾಗದಗಳು ಹೊತ್ತಿಕೊಂಡು ಮೇಲೆ ಹಾರಿದವು... ಚರ್ಮ ಸುಲಿದ ಬೆರಳು ಕಂಡ ಮೇಲೆ ಹಲಗಿ ನಿಂತಿತು.

ಸರ್ ಅವರ ಬೆರಳುಗಳು ಒಂದಕ್ಕೊಂದು ಅಂಟಿಕೊಂಡೇ ಮಾಯ್ದವು. ಪೆನ್ನು ಹಿಡಿಯಲು ಬರಲಿಲ್ಲ. ಒಂದು ದಿನ ನಾನು ನೋಟ್‌ಬುಕ್ ಹಿಡಿದು ಅವರ ಮುಂದೆ ಕುಳಿತೆ.

"ಸರ, ನಿಮ್ಮ ಮಾತು ಪೂರಾ ಬಾಯಿಪಾಠ ಐತ್ರಿ. ಥೀಸಿಸ್ ನಾನ ಹೇಳಿ ನಾನ ಬರೀತೀನ್ರಿ."

"ಹೇಳು."

ಕೆಮ್ಮಿದೆ. ಕೆಮ್ಮು ಅಗದಿ ಬರೋಬ್ಬರಿ ಬಂತು. ಹರಳು, ಕಡಲೆಕಾಳು, ಕಲ್ಲಿನ ಮೇಲೆ ನಿಂತವನು... ಅಲ್ಲಿಗೆ ಮುಗಿಯಿತು. ಯಾವ ಬಂದರು, ಎಷ್ಟು ಹಡಗು, ಯಾವ ಒಪ್ಪಂದ, ಒಂದೂ ನನ್ನ ಬಾಯಲ್ಲಿರಲಿಲ್ಲ.

"ಸಾಕು ಬಿಡಪಾ," ಎಂದರು. ಜೂನಿನಲ್ಲಿ ಮನೆ ಖಾಲಿ ಮಾಡಿದರು. ಎಲ್ಲಿಗೆ ಹೋದರೋ...

ಈಗಲೂ ಹೋಟೆಲಿನಲ್ಲಿ, "ಲೇ, ಚೀನಾ ಸರ್‌ನ ಮಾಡಲೇ," ಎನ್ನುತ್ತಾರೆ. ಕೆಮ್ಮುತ್ತೇನೆ. ನಗುತ್ತಾರೆ. ಕೆಮ್ಮಿನ ಮುಂದಿನ ಮಾತಿಗೆ ಯಾರೂ ಕಾಯುವುದಿಲ್ಲ. ನಾನೊಬ್ಬ ಕಾಯುತ್ತೇನೆ, ಹುಬ್ಬು ಮುಟ್ಟಿಕೊಂಡು...