ನನ್ನ ಮೆದುಳಿನ ಕೆಂಪು

ಆರೋಗ್ಯವಂತರ ಮೆದುಳೂ ಆಕಾರದಲ್ಲಿ ಎಷ್ಟು ಬೇರೆಬೇರೆ ಇರುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ನಮ್ಮ ಅಧ್ಯಯನಕ್ಕೆಂದು ಸ್ಕ್ಯಾನ್ ಮಾಡಿಸಿಕೊಳ್ಳಲು ಮುಂಬಯಿಯ ಭಾಂಡುಪ್‌ನಿಂದ ಸರೋಜಕ್ಕ ಬಂದಿದ್ದರು. ಅವರ ತಾಯಿಗೆ ಕೊನೆಗಾಲದಲ್ಲಿ ಮಗಳ ಗುರುತೇ ಸಿಗುತ್ತಿರಲಿಲ್ಲವಂತೆ.

ಎಲ್ಲರ ಮೆದುಳು ಸೇರಿಸಿ ತೆಗೆದ ಸರಾಸರಿಗಿಂತ ಬೇರೆಯಿದ್ದ ಕಡೆಯೆಲ್ಲ ನಮ್ಮ ಕಂಪ್ಯೂಟರ್ ಕೆಂಪು ಬಳಿಯುತ್ತದೆ. ಆ ಬಣ್ಣ ಆರಿಸಿದ ಪುಣ್ಯಾತ್ಮ ಯಾರೋ! ತಮ್ಮ ಮೆದುಳಿನ ಚಿತ್ರ ನೋಡಿದ್ದೇ ಸರೋಜಕ್ಕನ ಮುಖ ಬಿಳಚಿಕೊಂಡಿತು.

“ನನಗೂ ಶುರುವಾಯ್ತಾ?”

“ಇಲ್ಲಕ್ಕ, ಇದು ಕಾಯಿಲೆಯಲ್ಲ. ಸರಾಸರಿಯ ಹಾಗೇ ಇರುವ ಮೆದುಳು ಯಾರಿಗೂ ಇಲ್ಲ” ಎಂದೆ. ಅವರು ನಂಬಲಿಲ್ಲ. ಕೊನೆಗೆ ನನ್ನದೇ ಮೆದುಳಿನ ಚಿತ್ರ ತೆರೆದು ತೋರಿಸಿದೆ. ಅದರಲ್ಲಿ ಅವರದಕ್ಕಿಂತ ಹೆಚ್ಚು ಕೆಂಪು.

ಸರೋಜಕ್ಕ ನೆಮ್ಮದಿಯಿಂದ ಉಸಿರುಬಿಟ್ಟರು. ಆಮೇಲೆ ನನ್ನತ್ತ ಬಾಗಿ, ದನಿ ತಗ್ಗಿಸಿ ಕೇಳಿದರು: “ನೀವು ಯಾರಾದ್ರೂ ಒಳ್ಳೆ ಡಾಕ್ಟರಿಗೆ ತೋರಿಸಿದ್ದೀರಾ ಮಾರಾಯ್ರೆ?”