ಒಂದು ಮೊರ ಜೋಳದ ಹೆಸರು

ಆಗೆಲ್ಲ ನಮ್ಮ ಕಡೆ ಮಕ್ಕಳಿಗೆ ಹೆಸರಿಡುವಾಗ ಚೆಂದ ನೋಡುತ್ತಿರಲಿಲ್ಲ, ಜವರಾಯ ಏನೆಂದುಕೊಂಡಾನು ಎಂದು ನೋಡುತ್ತಿದ್ದರು. ನನಗಿಂತ ಮೊದಲು ಹುಟ್ಟಿದ ಇಬ್ಬರು ಅವ್ವನಿಗೆ ಉಳಿದಿರಲಿಲ್ಲ. ಹಾಗಾಗಿ ಗಬ್ಬೂರಿನಲ್ಲಿ ನಾನು ಹುಟ್ಟಿದಾಗ ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟು ಬಂದರಂತೆ. ನಮ್ಮ ಹೊಲದಲ್ಲಿ ದುಡಿಯುತ್ತಿದ್ದ, ಊರ ಹೊರಗಿನ ಕೇರಿಯ ಹನುಮವ್ವ ನನ್ನನ್ನು ಎತ್ತಿಕೊಂಡು, ತಿಪ್ಪವ್ವ ಎಂದು ಕರೆದು, ಒಂದು ಮೊರ ಜೋಳಕ್ಕೆ ನನ್ನ ಅವ್ವನಿಗೇ ಮಾರಿದಳು. ಯಾರಿಗೂ ಬೇಡವಾದ ಕೂಸೆಂದು ಜವರಾಯ ಮೋಸಹೋದ. ನಾನು ಗುಂಡುಕಲ್ಲಿನ ಹಾಗೆ ಬೆಳೆದೆ.

ಅವನ ಹಿಂದೆಯೇ ಶಾಲೆಯೂ ಮೋಸಹೋಯಿತು. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ಒಂದು ಚಳಿಗಾಲ ಅಪ್ಪ ನನ್ನನ್ನು ರಾಯಚೂರಿನಲ್ಲಿ ಸೋದರತ್ತೆಯ ಮನೆಯಲ್ಲಿ ಬಿಟ್ಟು ಶಾಲೆಗೆ ಹಾಕಿದ. ಹಾಜರಿಯಲ್ಲಿ ತಿಪ್ಪವ್ವ ಎಂದು ಕೂಗಿದ್ದೇ ತಡ, ಹೊರಗಿನ ಕೇರಿಯವಳೆಂದುಕೊಂಡು ಹುಡುಗಿಯರು ಸರಿದು, ಚಾಪೆಯ ಮೇಲೆ ನನ್ನ ಎಡಬಲಕ್ಕೆ ಜಾಗ ಖಾಲಿಯಾಯಿತು. ನೀರಿನ ಕೊಡದ ಹತ್ತಿರ ಹೋದರೆ ಕಮಲಾ ಎಂಬ ಹುಡುಗಿ ಚರಿಗೆ ಕಸಿದುಕೊಂಡಳು.

“ನೀ ಮುಟ್ಟಬ್ಯಾಡ. ಬೊಗಸಿ ಹಿಡಿ, ಹಾಕ್ತೀನಿ.”

ಅಳುತ್ತ ಅತ್ತೆಗೆ ಹೇಳಿದೆ. ಅತ್ತೆ ಮರುದಿನವೇ ಬಂದು ಪಾಠ ಹೇಳುವ ಅಕ್ಕೋರಿಗೆ, “ಅದು ಹರಕಿ ಹೆಸರ್ರೀ. ಗಿರಿಜಾ ಅಂತ ಬರಕೊಳ್ರಿ” ಎಂದಳು. ಅಷ್ಟೇ. ಹುಡುಗಿ ಅದೇ, ಎಣ್ಣೆ ಸೋರುವ ಜಡೆ ಅದೇ. ಚಾಪೆಯ ಮೇಲಿನ ಸಂದು ಮುಚ್ಚಿತು, ಚರಿಗೆ ಕೈಗೆ ಬಂತು. ಕಮಲಾ ತನ್ನ ಗೊಂಬೆಯ ಮದುವೆಗೆ ನನ್ನನ್ನು ಬೀಗತಿ ಮಾಡುವುದಾಗಿಯೂ ಹೇಳಿದಳು. ಬೀಗತಿಗೆ ಕೊಬ್ಬರಿ ಸಕ್ಕರೆಯಲ್ಲಿ ದೊಡ್ಡ ಪಾಲು. ನಾನು ಹಿಗ್ಗಿ ಹೀರೇಕಾಯಿಯಾದೆ.

ಮದುವೆಯ ಹಿಂದಿನ ದಿನ, ಊಟದ ಬಿಡುವಿನಲ್ಲಿ ಶಾಲೆಯ ಬಾಗಿಲಿನಿಂದ ಕೂಗು ಬಂತು.

“ತಿಪ್ಪವ್ವಾ, ಯವ್ವಾ ತಿಪ್ಪವ್ವಾ.”

ಅಪ್ಪನ ಬಂಡಿಯಲ್ಲಿ ಬಂದಿದ್ದ ಹನುಮವ್ವ. ಓ ಎಂದರೆ ಬೀಗತಿತನ ಹೋಯಿತು. ಆದರೆ ಅವಳ ಉಡಿಯಿಂದ ಸೀತನಿಯ ವಾಸನೆ ಬರುತ್ತಿತ್ತು. ಅತ್ತೆಯ ಹಿತ್ತಲಿನಲ್ಲಿ ಕುಳ್ಳಿನ ಕೆಂಡಕ್ಕೆ ಎಳೆ ಜೋಳದ ತೆನೆ ಹಾಕಿ ಸುಟ್ಟು, ಉಜ್ಜಿ, ಬೆಲ್ಲ ಬೆರೆಸಿ ತಂದಿದ್ದಳು. ಬಾಯಿಗಿಂತ ಮೊದಲು ಹೊಟ್ಟೆಯೇ ಓಗೊಟ್ಟಿತು. ಓಡಿದೆ. ಹುಡುಗಿಯರೂ ಮುತ್ತಿಕೊಂಡರು. ಹನುಮವ್ವ ಚಾಚಿದ ಕೈಗಳಿಗೆಲ್ಲ ಹಿಡಿಹಿಡಿ ಹಾಕಿದಳು.

“ಗಿರಿಜಾ, ಯಾರ ಈಕಿ?” ಬಾಯಿ ತುಂಬಿಕೊಂಡೇ ಕಮಲಾ ಕೇಳಿದಳು.

“ನನ್ನ ಮಾರಿದಾಕಿ.”

ಹನುಮವ್ವ ನಕ್ಕು ತಿಪ್ಪೆ, ಮೊರ, ಜೋಳ, ತನ್ನ ಕೇರಿ, ಎಲ್ಲ ಹೇಳಿಬಿಟ್ಟಳು. ಕಮಲಾಳ ದವಡೆ ನಿಂತಿತು. ಉಗುಳುವುದೋ ನುಂಗುವುದೋ ಎಂದು ಕಣ್ಣು ಬಿಟ್ಟಳು. ಕಡೆಗೆ ನುಂಗಿದಳು, ಸೀತನಿಯ ರುಚಿ ಹಾಗಿತ್ತು.

“ನೀರಡಿಕಿ ಆಗ್ಯಾದ, ಒಂದೀಟು ಹಾಕ್ರೆವ್ವಾ” ಎಂದು ಹನುಮವ್ವ ಬೊಗಸೆ ಒಡ್ಡಿದಳು. ಕಮಲಾ ಚರಿಗೆಯನ್ನು ಎತ್ತರಕ್ಕೆ ಹಿಡಿದು ಸುರಿದಳು. ಆ ಕೈಯಿಂದ ತಿಂದ ಬೆಲ್ಲ ಅವಳ ತುಟಿಗೆ ಇನ್ನೂ ಅಂಟಿಕೊಂಡಿತ್ತು.

“ನೀನೂ ಹೆಸರು ಬದಲ ಮಾಡ್ಕೋ ಹನುಮವ್ವಾ,” ಎಂದೆ, “ನನಗ ಚರಿಗಿನೇ ಕೊಟ್ರು.”

“ನಿನಗ ಹೆಸರೊಂದೇ ಅಡ್ಡ ಇತ್ತವ್ವಾ. ನಾ ಏನೇನು ಬದಲ ಮಾಡ್ಲಿ?” ಎಂದು ಅವಳು ನಕ್ಕಳು.

ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಅವಳ ಪಕ್ಕದಲ್ಲಿ ಬಗ್ಗಿ ಬೊಗಸೆ ಹಿಡಿದೆ. “ನನಗೂ ಹಾಕು. ನಾ ತಿಪ್ಪವ್ವ.”

ಕಮಲಾ ತಬ್ಬಿಬ್ಬಾಗಿ ಅರ್ಧ ನೀರು ಕೈಗೆ, ಅರ್ಧ ನಾನು ಉಟ್ಟ ಪರಕಾರಕ್ಕೆ ಹಾಕಿದಳು. ಹನುಮವ್ವನಿಗೆ ನಕ್ಕು ನಕ್ಕು ನೆತ್ತಿಗೆ ಹತ್ತಿತು. ಕೊಡದ ಹತ್ತಿರದಿಂದಲೇ ಕಮಲಾ ಮೆಲ್ಲಗೆ, “ನಾಳಿ ಮದವಿಗೆ ಸೀತನಿ ತರ್ತೀ ಹೌದಿಲ್ಲೋ?” ಎಂದಳು. ಬೀಗತಿತನ ಉಳಿಯಿತು. ಆ ಶಾಲೆಯಲ್ಲಿದ್ದಷ್ಟು ದಿನ ನಾನು ಮಾತ್ರ ಬೊಗಸೆಯಲ್ಲೇ ಕುಡಿದೆ.

ಈಗ ಯಾರೂ ಚರಿಗೆ ಕಸಿಯುವುದಿಲ್ಲ. ಹೆಸರು ಕೇಳಿದ ಮೇಲೆ ನಗುತ್ತ ಮನೆತನದ ಅಡ್ಡಹೆಸರು ಕೇಳುತ್ತಾರೆ, ಅಷ್ಟೇ. ಎಲ್ಲ ಕಾಗದಗಳಲ್ಲೂ ನಾನು ಗಿರಿಜಾ. ಒಮ್ಮೊಮ್ಮೆ ನಲ್ಲಿಯ ಕೆಳಗೆ ಲೋಟ ಬಿಟ್ಟು ಬೊಗಸೆ ಹಿಡಿಯುತ್ತೇನೆ. ತೆನೆ ಉಜ್ಜಿ ಕಪ್ಪಾದ ಆ ಇನ್ನೊಂದು ಬೊಗಸೆ ಪಕ್ಕದಲ್ಲಿಲ್ಲ. ತಿಪ್ಪವ್ವಾ ಎಂದು ಕರೆಯುವ ಬಾಯಿ ಒಂದೂ ಉಳಿದಿಲ್ಲ.