ನಮ್ಮತ್ತೆ ಸಾಕಿದ ಬ್ಯಾಕ್ಟೀರಿಯಾ

ಎದುರಿಗಿದ್ದವರು ಸಣಕಲಾಗಿ ಕಂಡರೆ ನಮ್ಮತ್ತೆಗೆ ಸಮಾಧಾನವಿಲ್ಲ. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ತಟ್ಟೆಗೆ ಅಂಗೈ ಅಡ್ಡ ಹಿಡಿದು "ಸಾಕು ಅತ್ತೆ" ಎಂದರೆ, ಬೆರಳ ಸಂದಿಯಲ್ಲೇ ಬಡಿಸಿಬಿಡುತ್ತಿದ್ದರು. ಇಂಥ ಹೆಂಗಸಿಗೆ ದೇವರು ಎಂಥ ಕೆಲಸ ಕೊಟ್ಟಿದ್ದ ನೋಡಿ: ಬ್ಯಾಕ್ಟೀರಿಯಾ ಸಾಕುವುದು, ಅದೂ ಅರೆಹೊಟ್ಟೆಯಲ್ಲಿ.

ನಗಬೇಡಿ. ನಾನೂ ಮೊದಲ ಸಲ ಕೇಳಿದಾಗ ನಕ್ಕು, ಆಮೇಲೆ ಅರ್ಧ ಗಂಟೆ ಪಾಠ ಕೇಳಬೇಕಾಯಿತು. ಅತ್ತೆ ಇದ್ದದ್ದು ಫಿಲ್ಟರ್ ತಯಾರಿಸುವ ಕಾರ್ಖಾನೆಯ ಪ್ರಯೋಗಾಲಯದಲ್ಲಿ. ಟೀ ಸೋಸುವ ಜಾಲರಿಯಲ್ಲ, ಔಷಧಿ ಸೋಸುವ ಫಿಲ್ಟರ್. ನರಕ್ಕೆ ಏರಿಸುವ ಕೆಲವು ಔಷಧಿಗಳನ್ನು ಕುದಿಸಿದರೆ ಕೆಟ್ಟುಹೋಗುತ್ತವಂತೆ. ಹಾಗಾಗಿ ತೆಳ್ಳನೆಯ ಬಿಳಿ ಹಾಳೆಯಂಥದ್ದರಲ್ಲಿ ಸೋಸಿ ಬ್ಯಾಕ್ಟೀರಿಯಾ ತೆಗೆಯುತ್ತಾರೆ. ಆ ಹಾಳೆ ನಿಜಕ್ಕೂ ತಡೆಯುತ್ತದೋ ಇಲ್ಲವೋ ಗೊತ್ತಾಗಬೇಕಲ್ಲ? ಅದಕ್ಕೆ ಅತ್ತೆ ಒಂದು ಪುಟಾಣಿ ಜಾತಿಯ ಬ್ಯಾಕ್ಟೀರಿಯಾ ಬೆಳೆಸಿ, ಉಗುರಿನಷ್ಟು ಜಾಗಕ್ಕೆ ಒಂದು ಕೋಟಿಯಂತೆ ಫಿಲ್ಟರಿನ ಮೇಲೆ ನುಗ್ಗಿಸುತ್ತಿದ್ದರು. ಸೋಸಿ ಬಂದದ್ದನ್ನು ಗಾಜಿನ ತಟ್ಟೆಯಲ್ಲಿ ಒಂದು ವಾರ ಬೆಚ್ಚಗಿಟ್ಟು ಕಾಯುವುದು. ಒಂದೇ ಒಂದು ದಾಟಿ ಬಂದಿದ್ದರೂ ಅಲ್ಲಿ ಬೆಳೆದು ಚುಕ್ಕಿಯಾಗಿ ಕಾಣುತ್ತದೆ. ನೂರಕ್ಕೆ ತೊಂಬತ್ತೊಂಬತ್ತು ಎಂಬ ಮಾತೇ ಅಲ್ಲಿ ನಡೆಯುವುದಿಲ್ಲ. ಒಂದು ಚುಕ್ಕಿ ಕಂಡರೂ ಫಿಲ್ಟರ್ ಫೇಲು.

"ಒಂದು ತಪ್ಪಿಗೇ ಫೇಲು ಅಂದ್ರೆ ನಿಮ್ಮ ಮಗ ಇನ್ನೂ ಮೂರನೇ ಕ್ಲಾಸಲ್ಲೇ ಇರ್ತಿದ್ರು ಅತ್ತೆ," ಎಂದು ರೇಗಿಸಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಬ್ಯಾಕ್ಟೀರಿಯಾ ಸಣಕಲಾಗಿರುವುದೇ ಈ ಪರೀಕ್ಷೆಯ ಜೀವಾಳ. ಸಪ್ಪೆ ದ್ರಾವಣದಲ್ಲಿ ಬೆಳೆಸಿದರೆ ಸಣ್ಣಗಿರುತ್ತವೆ. ಪುಷ್ಟಿಯಾದ ಆಹಾರ ಹಾಕಿದರೆ ಮೈ ತುಂಬಿಕೊಂಡು ದೊಡ್ಡವಾಗುತ್ತವೆ, ಆಗ ಸಡಿಲ ಫಿಲ್ಟರನ್ನೂ ದಾಟಲಾರವು. "ಪಾಪ, ಇವತ್ತೂ ಅವಕ್ಕೆ ಸಪ್ಪೆ ನೀರೇ ಗತಿ," ಎಂದು ಅತ್ತೆ ಮನೆಗೆ ಬಂದು ನಿಟ್ಟುಸಿರು ಬಿಟ್ಟದ್ದನ್ನು ನಾನೇ ಕೇಳಿದ್ದೇನೆ.

ಒಂದು ವರ್ಷ ಪ್ರಯೋಗಾಲಯದ ಮುಖ್ಯಸ್ಥೆಯ ಕುರ್ಚಿ ಖಾಲಿಯಾಯಿತು. ಅತ್ತೆಗೆ ನಿವೃತ್ತಿ ಹತ್ತಿರ ಬಂದಿತ್ತು, ಮಂಡಿ ನೋವು ಬೇರೆ. ಇಷ್ಟು ಕಾಲ ನಿಂತೇ ದುಡಿದ ಅತ್ತೆಗೆ ಆ ಕುರ್ಚಿಯ ಮೇಲೆ ಎಷ್ಟು ಆಸೆಯೆಂದರೆ, ಅದರ ಹಿಂದಿನ ಕಿಟಕಿಗೆ ಯಾವ ಬಣ್ಣದ ಪರದೆ ಹಾಕಬೇಕೆಂದು ನಮ್ಮಿಬ್ಬರಲ್ಲಿ ಜಗಳವೂ ಆಗಿತ್ತು. ಪೈಪೋಟಿಗಿದ್ದವಳು ಪಕ್ಕದ ವಿಭಾಗದವಳು. ದಪ್ಪ ಕನ್ನಡಕದ ದೆಸೆಯಿಂದ ಮನೆಯಲ್ಲಿ ಅವಳಿಗೆ ಸೋಡಾಬುಡ್ಡಿ ಎಂದು ಹೆಸರಿಟ್ಟಿದ್ದವಳು ನಾನೇ. ಮ್ಯಾನೇಜರ್ ಮೇಡಂ ಅತ್ತೆಗೆ ಕಡ್ಡಿ ಮುರಿದಂತೆ ಹೇಳಿದ್ದರು: "ಹೊಸ ಫಿಲ್ಟರ್ ಪರೀಕ್ಷೆ ಈ ತಿಂಗಳೊಳಗೆ ಮುಗಿಸಿಕೊಡಿ. ಕುರ್ಚಿ ನಿಮ್ದೇ."

ಆ ಆತುರದಲ್ಲೇ ಅತ್ತೆ ಎಡವಿದರು. ಬೇಗ ಬೇಗ ಕೋಟಿ ಮುಟ್ಟಲಿ ಎಂದು ಆ ಸಲ ಪುಷ್ಟಿಯಾದ ಆಹಾರವನ್ನೇ ಹಾಕಿಬಿಟ್ಟರು. ಆತುರ ಎನ್ನಿ, ಬಡಿಸುವ ಕೈಯ ಚಾಳಿ ಎನ್ನಿ, ಹಾಕಿದ್ದಂತೂ ನಿಜ.

ವಾರ ಕಳೆದು ನೋಡಿದರೆ ತಟ್ಟೆಯಲ್ಲಿ ಒಂದು ಚುಕ್ಕಿಯೂ ಇಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು, ಮೇಡಂ ಕೈ ಕುಲುಕಿದರು. ಅವರೆಲ್ಲ ಟೀ ಕುಡಿಯಲು ಹೋದ ಮೇಲೆ ಅತ್ತೆ ಉಳಿದಿದ್ದ ಇನ್ನೊಂದು ತಟ್ಟೆಯನ್ನು ಹೊರತೆಗೆದರು. ಅದು ಸ್ವಲ್ಪ ದೊಡ್ಡ ರಂಧ್ರದ ಫಿಲ್ಟರಿನದು. ಪ್ರತಿ ಸಲವೂ ಅದೇ ಬ್ಯಾಕ್ಟೀರಿಯಾವನ್ನು ಅದರ ಮೂಲಕವೂ ಹಾಯಿಸುತ್ತಾರೆ, ಮತ್ತು ಅದನ್ನು ಅವು ದಾಟಲೇಬೇಕು. ದಾಟಿದರೆ ತಾನೇ ಅವು ಸಾಕಷ್ಟು ಸಣ್ಣವು ಎಂದು ಖಾತ್ರಿಯಾಗುವುದು? ಆ ತಟ್ಟೆಯೂ ತೊಳೆದಿಟ್ಟ ಹಾಗಿತ್ತು. ಅತ್ತೆ ತಟ್ಟೆಯನ್ನು ಅಲ್ಲೇ ಇಟ್ಟು ಹೊರಟರಂತೆ.

ಟೀ ಕುಡಿಯುತ್ತಿದ್ದ ಮೇಡಂ ಮುಂದೆ ನೆಟ್ಟಗೆ ಹೋಗಿ ನಿಂತು, "ಈ ಪರೀಕ್ಷೆ ಲೆಕ್ಕಕ್ಕಿಲ್ಲ ಮೇಡಂ. ಬ್ಯಾಕ್ಟೀರಿಯಾ ದಪ್ಪಗಾಗಿವೆ. ತಪ್ಪು ನಂದು," ಎಂದರಂತೆ.

ಸಂಜೆ ಇದನ್ನು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. "ನಿಮಗೇನು ತಲೆ ಕೆಟ್ಟಿತ್ತಾ ಅತ್ತೆ? ಆ ತಟ್ಟೆ ನೋಡಿದ್ದು ನೀವೊಬ್ರೇ. ಬಾಯಿ ಮುಚ್ಕೊಂಡು ಇದ್ದಿದ್ರೆ ಯಾರಪ್ಪನ ಗಂಟು ಹೋಗ್ತಿತ್ತು?"

"ಜರಡಿ ಮೇಲೆ ಕುಂಬಳಕಾಯಿ ನಿಂತ್ರೆ, ಅದು ಜರಡಿಯ ಜಾಣತನಾನೇನೇ?"

"ಫಿಲ್ಟರ್ ಚೆನ್ನಾಗೇ ಇರುತ್ತೆ ಬಿಡಿ!"

"ಇರಬಹುದು. ಇಲ್ದೇನೂ ಇರಬಹುದು. ಸೂಜಿ ಚುಚ್ಚಿಸ್ಕೊಂಡು ಮಲಗಿರೋರಿಗೆ ಇರಬಹುದು ಅಂತ ಹೇಳಕ್ಕಾಗುತ್ತಾ?"

ಮತ್ತೆ ಮೊದಲಿಂದ ಶುರುವಾಯಿತು. ಸಪ್ಪೆ ದ್ರಾವಣ, ಸಣಕಲು ಬ್ಯಾಕ್ಟೀರಿಯಾ, ಒಂದು ವಾರದ ಕಾಯುವಿಕೆ. ತಿಂಗಳು ಮುಗಿದು, ಕಳಿಸಬೇಕಾದ ಸರಕು ಕಾರ್ಖಾನೆಯಲ್ಲೇ ಉಳಿಯಿತು. ನನಗೆ ಉಳಿದಿದ್ದ ಆಸೆ ಒಂದೇ: ಈ ಸಲ ಫಿಲ್ಟರ್ ಸೋತರೆ, ಅತ್ತೆ ಹೇಳಿದ್ದರಿಂದ ಎಷ್ಟು ಜೀವ ಉಳಿಯಿತು ಎಂದು ಎಲ್ಲರೂ ಬೆನ್ನು ತಟ್ಟುತ್ತಾರೆ, ಕುರ್ಚಿಯೂ ಸಿಗುತ್ತದೆ. "ಒಂದೇ ಒಂದು ದಾಟ್ಲಪ್ಪಾ ದೇವ್ರೇ," ಎಂದು ಬಟ್ಟೆ ಮಡಚುತ್ತ ಗೊಣಗಿದ್ದು ಅತ್ತೆಯ ಕಿವಿಗೆ ಬಿತ್ತು.

"ಬಿಡ್ತು ಅನ್ನು!" ಎಂದು ಗದರಿದರು. ಅವರು ನನ್ನ ಮೇಲೆ ಹಾಗೆ ಸಿಟ್ಟಾದದ್ದು ಅದೊಂದೇ ಸಲ. ನಾನು ಬಿಡ್ತು ಎಂದೆ.

ಫಲಿತಾಂಶದ ದಿನ ಅತ್ತೆ ಚಪ್ಪಲಿ ಕೂಡ ಬಿಡದೆ ಒಳಗೆ ಬಂದರು. "ಫಿಲ್ಟರ್ ತಡೀತು ಕಣೇ! ದೊಡ್ಡ ರಂಧ್ರದ್ರಲ್ಲಿ ದಂಡುದಂಡಾಗಿ ದಾಟಿವೆ. ಹೊಸದ್ರಲ್ಲಿ ಒಂದೂ ಇಲ್ಲ!"

"ಕುರ್ಚಿ?"

"ಆ ಪಕ್ಕದ ವಿಭಾಗದವಳಿಗೆ ಕೊಟ್ರು. ಆತುರಪಟ್ಟು ಎಡವಿದೋರಿಗೆ ಹೇಗೆ ಕೊಡ್ಲಿ ಅಂದ್ರು ಮೇಡಂ. ಅದೂ ಸರೀನೇ." ದನಿ ಸಣ್ಣದಾಯಿತು. "ಬೇಜಾರಾಗಿದೆ ಕಣೇ. ಇಲ್ಲ ಅಂತ ಯಾಕೆ ಸುಳ್ಳು ಹೇಳ್ಲಿ."

ನನಗೆ ಅಳುವೇ ಬಂತು. "ಹೋದ್ಸಲನೂ ಸೊನ್ನೆ, ಈ ಸಲನೂ ಸೊನ್ನೆ. ಅದೇ ಉತ್ತರಕ್ಕೋಸ್ಕರ ಎಲ್ಲ ಕಳ್ಕೊಂಡ್ರಲ್ಲ ಅತ್ತೆ!"

"ಅದೇ ಉತ್ತರ ಅಲ್ಲ ಕಣೇ ಹುಚ್ಚಿ. ಹೋದ್ಸಲ ನನಗೆ ಗೊತ್ತಿರ್ಲಿಲ್ಲ," ಎಂದು ಕಣ್ಣೊರೆಸಿಕೊಂಡು ನಕ್ಕರು. "ಈಗ ಗೊತ್ತು."

ಮೇಡಂ ಮೇಲೆ, ಸೋಡಾಬುಡ್ಡಿಯ ಮೇಲೆ ನನಗೆ ಇವತ್ತಿಗೂ ಕೋಪ ಇಳಿದಿಲ್ಲ. ಆದರೆ ಆ ಹೊತ್ತಿನಲ್ಲಿ ಅತ್ತೆಯ ಬಗ್ಗೆ ಎಂಥ ಹೆಮ್ಮೆ ಉಕ್ಕಿತೆಂದರೆ, ಕೈಲಿದ್ದ ಕೆಲಸ ಅಲ್ಲೇ ಬಿಟ್ಟು ಓಡಿಹೋಗಿ ತಬ್ಬಿಕೊಂಡೆ.

"ಇನ್ನೂ ಕೈಕಾಲು ತೊಳ್ದಿಲ್ಲ, ದೂರ ನಿಲ್ಲೇ!" ಎಂದು ಬೈದರು. ನಾನು ಬಿಡಲಿಲ್ಲ.